ವಾಯುಗುಣವೂ ನಮ್ಮ ದೇಹವೂ

ಹವಾಮಾನ ಮತ್ತು ವಾಯುಗುಣ ಎಂಬ ಶಬ್ದಗಳನ್ನು ನಾವು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಾಸ್ತವವಾಗಿ ಅವೆರಡೂ ಬೇರೆ ಬೇರೆ. ಇಂದಿನ ಮಳೆ, ನಾಳೆಯ ಬಿಸಿಲು ಹವಾಮಾನ. ಒಂದು ಪ್ರದೇಶದ ಶಾಖ, ಮಳೆ, ಗಾಳಿ, ತೇವಾಂಶಗಳನ್ನು ಸುಮಾರು 30 ವರ್ಷಗಳ ಕಾಲ ಅಳೆದು ತೆಗೆದ ಸರಾಸರಿ ವಾಯುಗುಣ. ಒಂದು ದಿನದ ವ್ಯವಹಾರಕ್ಕೂ ಹಲವು ವರ್ಷಗಳ ಲೆಕ್ಕಪತ್ರಕ್ಕೂ ಇರುವ ವ್ಯತ್ಯಾಸವೇ ಇದು. ಉದ್ಯೋಗನಿಮಿತ್ತ ಊರಿಂದೂರಿಗೆ ಹೋಗಿ ನೆಲೆಸುವ ನಮ್ಮಂಥವರಿಗೆ ಇದರ ತಿಳಿವಳಿಕೆ ಆರೋಗ್ಯದ ದೃಷ್ಟಿಯಿಂದಲೂ ಅವಶ್ಯ.

ವಾಯುಗುಣವನ್ನು ರೂಪಿಸುವ ಕಾರಣಗಳಲ್ಲಿ ಮೊದಲನೆಯದು ಅಕ್ಷಾಂಶ. ಸಮಭಾಜಕವೃತ್ತದ ಬಳಿ ಸೂರ್ಯಕಿರಣಗಳು ಬಹುಮಟ್ಟಿಗೆ ನೇರವಾಗಿ ಬೀಳುತ್ತವೆ. ಧ್ರುವಗಳ ಕಡೆಗೆ ಓರೆಯಾಗಿ ಬಿದ್ದು ಚದುರಿಹೋಗುತ್ತವೆ. ಎರಡನೆಯದು ಎತ್ತರ. ಪ್ರತಿ 1,000 ಮೀಟರ್ ಏರಿದಂತೆ ಶಾಖವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರು, ಚೆನ್ನೈ ಎರಡೂ 13ನೆಯ ಅಕ್ಷಾಂಶದ ಆಸುಪಾಸಿನಲ್ಲಿದ್ದರೂ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ತಂಪಾಗಿರುವುದು ಇದರಿಂದಲೇ. ಮೂರನೆಯದು ಸಮುದ್ರದ ಸಾಮೀಪ್ಯ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದುದರಿಂದ ಮುಂಬಯಿಯಲ್ಲಿ ಬೇಸಗೆಗೂ ಚಳಿಗಾಲಕ್ಕೂ ಅಂತರ ಅಲ್ಪ, ದೆಹಲಿಯಲ್ಲಿ ಅಪಾರ. ನಾಲ್ಕನೆಯದು ಪರ್ವತಗಳು. ಮುಂಬಯಿಗೆ ವರ್ಷದಲ್ಲಿ 2,000 ಮಿಲಿಮೀಟರಿಗೂ ಮೀರಿ ಮಳೆಯಾದರೆ, ಸಹ್ಯಾದ್ರಿಯ ಮರೆಯಲ್ಲಿರುವ ಪುಣೆಗೆ ಸುಮಾರು 700 ಮಾತ್ರ. ಆಗುಂಬೆ ಮತ್ತು ಚಿತ್ರದುರ್ಗಗಳ ಅಂತರಕ್ಕೂ ಇದೇ ಕಾರಣ. ಐದನೆಯದು ಸಾಗರಪ್ರವಾಹಗಳು. ಪೆರು, ಚಿಲಿ ದೇಶಗಳ ಕರಾವಳಿಯಲ್ಲಿ ಹರಿಯುವ ಹಂಬೋಲ್ಟ್ ಶೀತಪ್ರವಾಹವು ಗಾಳಿಯನ್ನು ತಣಿಸಿ ಮೇಲೇರಗೊಡದು. ಹೀಗಾಗಿ ಸಮುದ್ರದ ಪಕ್ಕದಲ್ಲಿಯೇ ಅಟಕಾಮಾ ಮರುಭೂಮಿಯಿದೆ.

ರಷ್ಯದಲ್ಲಿ ಹುಟ್ಟಿದ ಜರ್ಮನ್ ವಿಜ್ಞಾನಿ ವ್ಲಾದಿಮಿರ್ ಕೆಪ್ಪೆನ್ ಸಸ್ಯಸಂಪತ್ತನ್ನೇ ಆಧಾರವಾಗಿಟ್ಟುಕೊಂಡು ಜಗತ್ತಿನ ವಾಯುಗುಣವನ್ನು ಐದು ಮುಖ್ಯ ವರ್ಗಗಳಾಗಿ ವಿಂಗಡಿಸಿದನು. ಅತ್ಯಂತ ತಂಪಾದ ತಿಂಗಳಿನಲ್ಲೂ ಸರಾಸರಿ ಶಾಖ 18 ಡಿಗ್ರಿಗೆ ಇಳಿಯದಿರುವುದು ಉಷ್ಣವಲಯ. ಅಮೆಜಾನ್ ಕಣಿವೆಯೂ ನಮ್ಮ ಕರಾವಳಿಯೂ ಇದರಲ್ಲಿ ಸೇರಿವೆ. ಬೀಳುವ ಮಳೆಗಿಂತ ಆವಿಯಾಗಬಲ್ಲ ನೀರೇ ಹೆಚ್ಚಾಗಿರುವುದು ಶುಷ್ಕ ವಲಯ. ಸಹಾರಾ, ಥಾರ್ ಇದರ ನಿದರ್ಶನಗಳು. ಇಂಗ್ಲೆಂಡ್ ಮತ್ತು ಮೆಡಿಟರೇನಿಯನ್ ತೀರಗಳದು ಸಮಶೀತೋಷ್ಣ ವಾಯುಗುಣ. ನಾಲ್ಕನೆಯದು ವಿಶಾಲ ಭೂಖಂಡಗಳ ಒಳನಾಡಿನದು. ಸೈಬೀರಿಯದ ವೆರ್ಖೊಯಾನ್ಸ್ಕ್‌ನಲ್ಲಿ 1892ರಲ್ಲಿ ಶಾಖವು ಶೂನ್ಯದ ಕೆಳಗೆ 67.8 ಡಿಗ್ರಿಗೆ ಇಳಿದಿತ್ತು. ಅದೇ ಊರಿನಲ್ಲಿ 2020ರ ಜೂನ್‌ನಲ್ಲಿ 38 ಡಿಗ್ರಿಗೆ ಏರಿತು. ಅತ್ಯಂತ ಬೆಚ್ಚಗಿನ ತಿಂಗಳಿನಲ್ಲೂ ಸರಾಸರಿ 10 ಡಿಗ್ರಿ ಮುಟ್ಟದಿರುವುದು ಧ್ರುವ ವಲಯ.

ಈ ಎಲ್ಲ ವಲಯಗಳಲ್ಲಿಯೂ ಮಾನವದೇಹವು ಕಾಯ್ದುಕೊಳ್ಳಬೇಕಾದ ಒಳಶಾಖ ಮಾತ್ರ ಒಂದೇ, ಸುಮಾರು 37 ಡಿಗ್ರಿ. ಜಮೆಯಾದ ಶಾಖವನ್ನು ಖರ್ಚುಮಾಡಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ತೇವ ತುಂಬಿದ ಕರಾವಳಿಯ ಗಾಳಿಯಲ್ಲಿ ಅದು ಬೇಗ ಆರದು. 34 ಡಿಗ್ರಿಯೂ ಅಸಹನೀಯವೆನಿಸುತ್ತದೆ. ದೆಹಲಿಯ ಒಣಗಾಳಿಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರುವುದರಿಂದ ದೇಹ ಕಳೆದುಕೊಂಡ ನೀರು ಅರಿವಿಗೇ ಬಾರದು. ಅಲ್ಲಿ ಬಾಯಾರಿಕೆಗಾಗಿ ಕಾಯದೆ ನೀರು, ಮಜ್ಜಿಗೆ ಕುಡಿಯುತ್ತಿರಬೇಕು. ಹೊಸ ಸೆಕೆಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರಗಳು ಬೇಕು. ಊರಿನಿಂದ ಬಂದ ವೃದ್ಧ ತಂದೆತಾಯಿಗಳನ್ನು ಮೊದಲ ದಿನವೇ ಮಧ್ಯಾಹ್ನದ ಬಿಸಿಲಿನಲ್ಲಿ ಊರು ತೋರಿಸಲು ಕರೆದೊಯ್ಯುವುದು ಹಿತವಲ್ಲ.

ಮೈ ಸುಡುತ್ತ ಮಾತು ತಡವರಿಸಿದರೆ, ಬುದ್ಧಿ ಮಂಕಾದರೆ ಅದು ಸೂರ್ಯಾಘಾತದ ಲಕ್ಷಣ. ರೋಗಿಯನ್ನು ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. 2010ರ ಮೇ ತಿಂಗಳಿನ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಬಳಿಕ 2013ರಲ್ಲಿ ಆ ನಗರವು ಮುನ್ನೆಚ್ಚರಿಕೆಯ ಯೋಜನೆಯೊಂದನ್ನು ಜಾರಿಗೆ ತಂದು ಇತರ ನಗರಗಳಿಗೆ ಮಾದರಿಯಾಯಿತು.

ಭೂಮಿಯ ಸರಾಸರಿ ಶಾಖ ಏರುತ್ತಿರುವ ಈ ಕಾಲದಲ್ಲಿ ವಲಯಗಳ ಎಲ್ಲೆಗಳೂ ಸರಿಯುತ್ತಿವೆ. ನಾವು ನೆಲೆಸಿದ ಊರಿನ ಭಾಷೆಯನ್ನು ಕಲಿಯುವಂತೆ ಅದರ ವಾಯುಗುಣವನ್ನೂ ಅರಿತು ಊಟ, ಉಡುಪು, ದಿನಚರಿಗಳನ್ನು ಹೊಂದಿಸಿಕೊಳ್ಳುವುದು ವಿವೇಕಿಗಳ ಲಕ್ಷಣ.