ಹಳೇ ಪೋಸ್ಟರ್, ಹೊಸ ಕಷ್ಟ

ನಮ್ಮ ಮಾಗಡಿ ಕಡೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ವಾರಕ್ಕೊಂದಾದ್ರೂ ಬರುತ್ತೆ: ಆಸ್ಪತ್ರೆ ಹಾಸಿಗೆ ಮೇಲಿನ ಮಗುವಿನ ಫೋಟೊ, ಕೆಳಗೊಂದು ಕ್ಯೂಆರ್ ಕೋಡ್, ‘ದಯವಿಟ್ಟು ಶೇರ್ ಮಾಡಿ’. ತಾರೀಖು ಮಾತ್ರ ಇರಲ್ಲ. ಮಗು ಗುಣವಾಗಿ ಮನೆಗೆ ಹೋಗಿದ್ರೂ ಪೋಸ್ಟರ್ ಓಡಾಡುತ್ತಲೇ ಇರುತ್ತೆ. ಇಂಥವು ನಾಲ್ಕು ನೋಡಿದವರು ಐದನೆಯದನ್ನು ನಂಬಲ್ಲ. ಏಟು ಬೀಳೋದು ಇವತ್ತು ನಿಜವಾಗಿ ದುಡ್ಡು ಬೇಕಾದ ಮನೆಗೆ.

2022ರ ಆಗಸ್ಟ್ ಕೊನೆಯ ಮಳೆ ನೆನಪಿದೆಯಾ? ರಾಮನಗರ, ಚನ್ನಪಟ್ಟಣದ ಕಡೆ ಮನೆಗಳಿಗೆ ನೀರು ನುಗ್ಗಿತ್ತು, ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿತ್ತು. ಅಂಥ ಹೊತ್ತಲ್ಲಿ ಕೆಲಸಕ್ಕೆ ಬರೋದು ‘ಇಂಥ ಬೀದಿಗೆ 40 ಕಂಬಳಿ, ಸಂಜೆಯೊಳಗೆ’ ಅನ್ನೋ ಮೆಸೇಜು. ಕಂಬಳಿ ಸಿಕ್ಕ ಮೇಲೆ ‘ಸಾಕು’ ಅನ್ನೋದು ಇನ್ನೂ ಮುಖ್ಯ.

ಚಿಕಿತ್ಸೆಗೂ ಅಷ್ಟೇ. ಮನವಿಯಲ್ಲಿ ತಾರೀಖು, ಬೇಕಾದ ಮೊತ್ತ, ಈವರೆಗೆ ಬಂದದ್ದು ಹಾಕಿ. ದುಡ್ಡು ನೇರ ಆಸ್ಪತ್ರೆ ಖಾತೆಗೇ ಹೋದ್ರೆ ಅನುಮಾನ ಕಡಿಮೆ. ಅದಕ್ಕೂ ಮೊದಲು ಆ ಮನೆಯವರಿಗೆ ಬಿಪಿಎಲ್ ಕಾರ್ಡ್ ಇದೆಯಾ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ನಾನು ನೋಡಿದ ಎಷ್ಟೋ ಮನವಿಗಳು ಇದನ್ನು ವಿಚಾರಿಸದೇ ಹೊರಟಿದ್ದವು.

ವ್ಯಕ್ತಿಯ ಯುಪಿಐಗೆ ಕಳಿಸಿದ್ದಕ್ಕೆ 80ಜಿ ವಿನಾಯಿತಿ ಇಲ್ಲ. ಹಾಗಂತ ಕೊಡಬೇಡಿ ಅಂತಲ್ಲ! ಇನ್ನೊಂದು: ಮನವಿ ಹಾಕಿದವರಿಗೇ ‘ದುಡ್ಡು ಕಳಿಸ್ತೀವಿ, ಪಿನ್ ಒತ್ತಿ’ ಅಂತ ವಂಚಕರ ಫೋನ್ ಬರಬಹುದು. ಪಡೆಯೋಕೆ ಪಿನ್ ಬೇಡ.

ಕನಕಪುರದ ಗೆಳೆಯನೊಬ್ಬ ಮೊತ್ತ ಸೇರಿದ ದಿನವೇ ಅದೇ ಪೋಸ್ಟರ್ ಮೇಲೆ ಕೆಂಪಕ್ಷರದಲ್ಲಿ ‘ಮುಗಿಯಿತು, ಕಳಿಸಬೇಡಿ’ ಅಂತ ಬರೆದು ಎಲ್ಲ ಗ್ರೂಪಿಗೂ ಮತ್ತೆ ಹಾಕ್ತಾನೆ. ಅವನ ಮುಂದಿನ ಮನವಿಗೆ ಯಾರೂ ಪ್ರಶ್ನೆ ಕೇಳಲ್ಲ.