ನೀರು ತೋರಿದ ದಾರಿಯಲ್ಲಿ ಸೈಕಲ್ಲು

ಕಬ್ಬಿನ ಹಂಗಾಮು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಡಾಂಬರು ರಸ್ತೆಗಳಲ್ಲಿ ಸೈಕಲ್ಲಿಗೆ ಜಾಗವೇ ಇಲ್ಲ. ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟುತ್ತವೆ. ಹಿಂದಿನ ಟ್ರೇಲರಿಗೆ ದೀಪವಿದ್ದರೆ ಅದೇ ಪುಣ್ಯ! ಆದರೆ ಈ ಸೀಮೆಯಲ್ಲಿ ಇನ್ನೊಂದು ದಾರಿಯೂ ಉಂಟು. ಅದು ಕಾಲುವೆ ದಂಡೆಯ ಗರಸಿನ ದಾರಿ.

ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದ್ದು 1897ರಲ್ಲಿ. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯ ಉದ್ದ ಈಗ 109 ಕಿ.ಮೀ. ಬಲದಂಡೆ ಕಾಲುವೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹೊರಡುತ್ತದೆ. ಕಾಲುವೆಯ ಉಸ್ತುವಾರಿಗೆಂದು ಮಾಡಿದ ದಂಡೆಯ ದಾರಿಗಳಲ್ಲಿ ಹೊಲಕ್ಕೆ ಹೋಗುವವರನ್ನು ಬಿಟ್ಟರೆ ಓಡಾಟ ವಿರಳ.

ಸುತ್ತಲೂ ಗುಡ್ಡ, ಆದರೂ ಪೆಡಲು ಭಾರವಾಗದು. ಗುಟ್ಟು ನೀರಿನದು. ನೀರು ಏರು ಹತ್ತುವುದಿಲ್ಲ. ಅದಕ್ಕೆಂದೇ ಕಾಲುವೆಯನ್ನು ಗುಡ್ಡದ ಮಗ್ಗುಲು ಬಳಸಿ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ತೋಡಿದ್ದಾರೆ. ಗೋಕಾಕದಲ್ಲಿ 52 ಮೀಟರ್ ಧುಮುಕುವ ಅದೇ ನದಿಯ ನೀರು ಇಲ್ಲಿ ಎಷ್ಟು ಸೌಮ್ಯ!

ಎಚ್ಚರವೂ ಬೇಕು. ಕಾಲುವೆಯಂಚಿಗೆ ತಡೆಗೋಡೆ ಇರದ ಕಡೆ ಜಾರಿದರೆ ಮೇಲೇರುವುದು ಕಷ್ಟ. ಮಳೆಯಾದರೆ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲನ್ನೇ ಹೊರಬೇಕಾದೀತು.

ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಹಲವು ವರ್ಷ ಉಚಿತ ಸೈಕಲ್ ಕೊಟ್ಟಿತು. ಅದನ್ನು ನಿರ್ಭಯವಾಗಿ ತುಳಿಯಲು ದಾರಿ ಮಾತ್ರ ಕೊಡಲಿಲ್ಲ. ತಗ್ಗಿಗೆ ಗರಸು, ತಿರುವಿಗೊಂದು ಕಟ್ಟೆ ಹಾಕಿದರೆ ಸಾಕು: ಹೊಲಕ್ಕೆ ನೀರು ಮುಟ್ಟಿಸುವ ಕಾಲುವೆ, ಮಕ್ಕಳನ್ನೂ ಶಾಲೆಗೆ ಮುಟ್ಟಿಸೀತು.