ಹೇರೆತ್ತು, ಹಾಲಿನ ಗಾಡಿ, ಜಾತ್ರೆಯ ಬಸ್ಸು

ಫೆಬ್ರುವರಿ ಎರಡನೇ ವಾರ ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಸಾರಿಗೆ ಯೋಜನೆ ಎಂಬುದರ ಪಾಡು ಕಣ್ಣಿಗೇ ಕಾಣುತ್ತದೆ. ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿ. ಅವರು 1739ರ ಫೆಬ್ರುವರಿ 15ರಂದು ಹುಟ್ಟಿದ್ದು ಇಲ್ಲೇ ಎಂಬ ನಂಬಿಕೆ. ಬಂಜಾರರು ಭಾಯಾಗಢ ಎಂದು ಕರೆಯುವ ಈ ಊರಿಗೆ ಹೊರ ರಾಜ್ಯಗಳ ತಾಂಡಾಗಳಿಂದಲೂ ಜನ ಬರುತ್ತಾರೆ. ಮಾಲಾಧಾರಿಗಳು ನಡೆದು ಬಂದರೆ ಉಳಿದವರಿಗೆ ಬಸ್ಸು, ಟೆಂಪೋ, ಟ್ರ್ಯಾಕ್ಟರ್. ಯಾವ ಡಿಪೋದಿಂದ ಎಷ್ಟು ಬಸ್ಸು, ಅನ್ನಕ್ಕೆ ಅಕ್ಕಿ ಯಾವ ಗೋದಾಮಿನದು, ನೀರಿನ ಟ್ಯಾಂಕರ್ ಎಷ್ಟು ಸುತ್ತು? ಇರುವುದರಲ್ಲೇ, ಇರುವ ಮಿತಿಯೊಳಗೇ, ಇಂಥ ಪ್ರಶ್ನೆಗೆ ಅತಿ ಕಡಿಮೆ ಖರ್ಚಿನ ಉತ್ತರ ಹುಡುಕುವ ಗಣಿತಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು. ಪಿಯುಸಿಯಲ್ಲಿ ಎಲ್‌ಪಿಪಿ (ಲೀನಿಯರ್ ಪ್ರೋಗ್ರಾಮಿಂಗ್) ಅಂತ ಗ್ರಾಫ್ ಶೀಟಿನ ಮೇಲೆ ಗೆರೆ ಎಳೆದು ಮೂಲೆ ಬಿಂದು ಹುಡುಕಿದವರೆಲ್ಲ ಅದರ ಹೊಸ್ತಿಲು ಮುಟ್ಟಿ ಬಂದವರೇ. ಪರೀಕ್ಷೆ ಮುಗಿದ ಮೇಲೆ ಅದು ಎಲ್ಲಿ ಬಳಕೆಗೆ ಬರುತ್ತದೆ ಅಂತ ಯಾರೂ ಹೇಳಿಕೊಡುವುದಿಲ್ಲ. ಈ ಗಣಿತದ ಬಗ್ಗೆ ತಪ್ಪು ತಿಳಿವಳಿಕೆ ಬೆಳೆದದ್ದು ಅಲ್ಲೇ ಇರಬೇಕು. ಅಂಥ ಕೆಲವನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ: ಹತ್ತಿರದ ಗೋದಾಮಿನಿಂದ ತರಿಸಿದರೆ ಖರ್ಚು ತಾನಾಗಿಯೇ ಕಡಿಮೆಯಾಗುತ್ತದೆ.

ವಾಸ್ತವ: ಒಬ್ಬನಿಗೆ ಕಡಿಮೆಯಾಗಬಹುದು, ಎಲ್ಲರಿಗೂ ಸೇರಿ ಹೆಚ್ಚಾಗಬಹುದು. ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ಹಿಡಿದವು. ಎರಡು ಗೋದಾಮು, ಒಂದೊಂದರಲ್ಲೂ 10 ಲೋಡು ಅಕ್ಕಿ. ಜಾತ್ರೆಗೆ 10 ಲೋಡು ಬೇಕು, ದೂರದ ಒಂದು ಹೋಬಳಿಗೆ 10 ಲೋಡು ಬೇಕು. ಮೊದಲ ಗೋದಾಮಿನಿಂದ ಜಾತ್ರೆಗೆ 20 ಕಿ.ಮೀ., ಹೋಬಳಿಗೆ 25. ಎರಡನೆಯದರಿಂದ ಜಾತ್ರೆಗೆ 40, ಹೋಬಳಿಗೆ 70.

ಜಾತ್ರೆಗೆ ಹತ್ತಿರದ್ದು ಮೊದಲ ಗೋದಾಮು. ಅಲ್ಲಿಂದಲೇ ಕಳಿಸಿದರೆ 200 ಲೋಡ್-ಕಿ.ಮೀ. ಆದರೆ ಹೋಬಳಿಗೆ ಉಳಿದದ್ದು ಎರಡನೆಯದು, ಅಲ್ಲಿ 700. ಒಟ್ಟು 900. ಈಗ ಅದಲು ಬದಲು ಮಾಡಿ. ಮೊದಲ ಗೋದಾಮಿನದು ಹೋಬಳಿಗೆ, 250. ಎರಡನೆಯದು ಜಾತ್ರೆಗೆ, 400. ಒಟ್ಟು 650. ಜಾತ್ರೆ ಸಮಿತಿಯವರು ‘ಪಕ್ಕದಲ್ಲೇ ಗೋದಾಮಿದ್ದರೂ ಅಷ್ಟು ದೂರದಿಂದ ಯಾಕೆ ತರಿಸ್ತೀರಿ ಸಾರ್’ ಎಂದು ತಹಶೀಲ್ದಾರರನ್ನು ಕೇಳಿಯೇ ಕೇಳುತ್ತಾರೆ. ಆದರೂ ಡೀಸೆಲ್ ಖರ್ಚು ಕಾಲುಭಾಗಕ್ಕಿಂತ ಹೆಚ್ಚು ಇಳಿದಿರುತ್ತದೆ.

ಇಲ್ಲಿ ಗೋದಾಮು ಎರಡು, ಊರು ಎರಡು, ಬೆರಳಲ್ಲಿ ಎಣಿಸಬಹುದು. ಪಡಿತರ ಸಾಗಣೆಗೆ ಕೇಂದ್ರ ಆಹಾರ ಇಲಾಖೆ ಇದೇ ಲೆಕ್ಕವನ್ನು ‘ಅನ್ನಚಕ್ರ’ ಎಂಬ ಹೆಸರಿನಲ್ಲಿ ಮಾಡಿಸಿದೆ. ವಿಶ್ವ ಆಹಾರ ಕಾರ್ಯಕ್ರಮ ಮತ್ತು ದೆಹಲಿ ಐಐಟಿಯ ನೆರವಿನಿಂದ ಸಿದ್ಧವಾದ ಇದಕ್ಕೆ 2024ರ ಡಿಸೆಂಬರ್‌ನಲ್ಲಿ ಚಾಲನೆ ಕೊಟ್ಟವರು ನಮ್ಮ ಧಾರವಾಡದ ಸಂಸದ, ಸಚಿವ ಪ್ರಲ್ಹಾದ ಜೋಶಿ. 4.37 ಲಕ್ಷ ನ್ಯಾಯಬೆಲೆ ಅಂಗಡಿ, ಸುಮಾರು 6,700 ಗೋದಾಮುಗಳ ವ್ಯವಸ್ಥೆ ಅದು. ವರ್ಷಕ್ಕೆ 250 ಕೋಟಿ ರೂಪಾಯಿ ಉಳಿಯುತ್ತದೆ ಎಂಬುದು ಸರ್ಕಾರದ ಅಂದಾಜು.

ತಪ್ಪು ಕಲ್ಪನೆ: ಇದು ಕಂಪ್ಯೂಟರ್ ಬಂದಮೇಲೆ ಹುಟ್ಟಿದ ವಿದ್ಯೆ.

ವಾಸ್ತವ: ಸೂರಗೊಂಡನಕೊಪ್ಪದಲ್ಲಿ ನಿಂತು ಈ ಮಾತಾಡಿದರೆ ನಗೆಪಾಟಲು. ಬಂಜಾರರ ಹಿಂದಿನ ಕಸುಬೇ ಸಾಗಣೆ. ಅವರ ಲದೇಣಿಯಲ್ಲಿ, ಎಂದರೆ ಎತ್ತಿನ ಬೆನ್ನಿಗೆ ಸರಕು ಹೇರಿ ಸಾಗಿಸುವ ವ್ಯಾಪಾರದಲ್ಲಿ, ಸಾವಿರಾರು ಹೇರೆತ್ತು. 1630ರ ದಶಕದ ಆರಂಭದಲ್ಲಿ ಉತ್ತರ ಭಾರತದಲ್ಲಿ ತಿರುಗಾಡಿದ ಇಂಗ್ಲಿಷ್ ವರ್ತಕ ಪೀಟರ್ ಮಂಡಿ, ಗೋಧಿ, ಅಕ್ಕಿ ಹೇರಿಕೊಂಡ 14,000 ಎತ್ತುಗಳ ತಾಂಡಾ ಎದುರಾಯಿತೆಂದು ಬರೆದಿಟ್ಟಿದ್ದಾನೆ. ಒಳನಾಡಿನ ಧಾನ್ಯ ಕರಾವಳಿಗೆ, ಕರಾವಳಿಯ ಉಪ್ಪು ಒಳನಾಡಿಗೆ. ಬಂಜಾರರಿಗಿರುವ ಲಂಬಾಣಿ ಎಂಬ ಹೆಸರೇ ಲವಣದಿಂದ ಬಂತು ಎನ್ನುವವರಿದ್ದಾರೆ. ಖಾಲಿ ಬೆನ್ನಿನ ಎತ್ತು ವಾಪಸಾಗಬಾರದು ಎಂಬುದು ಆ ವ್ಯಾಪಾರದ ಜೀವಾಳ. ಇಂದು ಲಾರಿ ಮಾಲೀಕರು ‘ರಿಟರ್ನ್ ಲೋಡ್’ ಅಂತ ಟ್ರಾನ್ಸ್‌ಪೋರ್ಟ್ ಆಫೀಸುಗಳ ಬಾಗಿಲು ಕಾಯುವುದೂ ಇದಕ್ಕೇ.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಅವರ ದಾರಿ. ಹೇರೆತ್ತಿನ ಇಂಧನ ಹುಲ್ಲು. ದಾರಿಯಲ್ಲಿ ಮೇಯ್ದರೆ ಪುಕ್ಕಟೆ. ಹೀಗಾಗಿ ಅವರಿಗೆ ಹತ್ತಿರದ ದಾರಿ ಬೇಕಿರಲಿಲ್ಲ, ಹುಲ್ಲು-ನೀರು ಇರುವ ದಾರಿ ಬೇಕಿತ್ತು. ನಿಧಾನವಾದರೂ ಗಾಡಿಯಲ್ಲಿ ಒಯ್ಯುವುದಕ್ಕಿಂತ ಅಗ್ಗ. ಖರ್ಚು ಎಂದರೆ ದೂರವಲ್ಲ, ಯಾವುದನ್ನು ಖರ್ಚು ಎಂದು ಎಣಿಸುತ್ತೇವೆಯೋ ಅದು. ಈ ವಿದ್ಯೆಯ ಮೊದಲ ಪಾಠವೇ ಇದು, ಕೊನೆಯದೂ ಹೌದೇನೋ.

ಹಾಗೆಂದು ‘ನಮ್ಮ ಹಿರಿಯರಿಗೆ ಲೀನಿಯರ್ ಪ್ರೋಗ್ರಾಮಿಂಗ್ ಗೊತ್ತಿತ್ತು’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಅವರಿಗೆ ಗೊತ್ತಿದ್ದದ್ದು ಒಳ್ಳೆಯ ದಾರಿ. ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಸಾಧಿಸಿ ತೋರಿಸುವ ವಿಧಾನ ಬಂದದ್ದು ಕಳೆದ ಶತಮಾನದಲ್ಲಿ. ಕಾಕತಾಳೀಯ ನೋಡಿ, 1930ರಲ್ಲಿ ಸೋವಿಯತ್ ದೇಶದ ಎ.ಎನ್. ಟಾಲ್‌ಸ್ಟಾಯ್ (ಕಾದಂಬರಿಕಾರ ಅಲ್ಲ) ರೈಲು ಸಾಗಣೆಗೆ ಇಂಥ ಲೆಕ್ಕ ಹಾಕಿದಾಗ ಅವನ ಎದುರಿಗಿದ್ದ ಸರಕುಗಳಲ್ಲಿ ಉಪ್ಪೂ ಒಂದು. 1939ರಲ್ಲಿ ಲೆನಿನ್‌ಗ್ರಾಡ್‌ನ ಪ್ಲೈವುಡ್ ಉದ್ದಿಮೆಯವರು ಯಾವ ಮರವನ್ನು ಯಾವ ಯಂತ್ರಕ್ಕೆ ಕೊಡಬೇಕೆಂದು ಕೇಳಿದ ಪ್ರಶ್ನೆಯಿಂದ ಗಣಿತಜ್ಞ ಕಾಂಟೊರೋವಿಚ್ ಒಂದು ಪುಟ್ಟ ಪುಸ್ತಕವನ್ನೇ ಬರೆದ. 1975ರ ಅರ್ಥಶಾಸ್ತ್ರದ ನೊಬೆಲ್ ಅವನಿಗೂ ಅರ್ಥಶಾಸ್ತ್ರಜ್ಞ ಕೂಪ್‌ಮನ್ಸ್‌ಗೂ ಸೇರಿ ಬಂತು. ಅಮೆರಿಕದ ಜಾರ್ಜ್ ಡ್ಯಾಂಟ್ಸಿಗ್ ಇಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಕೊಂಡದ್ದು 1947ರಲ್ಲಿ. ಅದನ್ನು ಅದೇ ವರ್ಷ ಪರೀಕ್ಷಿಸಿದ್ದು ಅತಿ ಅಗ್ಗದ ಪೌಷ್ಟಿಕ ಊಟದ ಲೆಕ್ಕದ ಮೇಲೆ. ಕೈಯಲ್ಲಿ ತಿರುಗಿಸುವ ಕ್ಯಾಲ್ಕುಲೇಟರ್ ಹಿಡಿದು ಕೂತ ಗುಮಾಸ್ತರಿಗೆ ಒಟ್ಟು 120 ಆಳು-ದಿನದ ದುಡಿಮೆ ಬೇಕಾಯಿತು.

ತಪ್ಪು ಕಲ್ಪನೆ: ಈಗ ಕಂಪ್ಯೂಟರ್ ಇದೆಯಲ್ಲ, ಎಲ್ಲ ದಾರಿಗಳನ್ನೂ ಹೋಲಿಸಿ ಒಳ್ಳೆಯದನ್ನು ಆರಿಸಿಕೊಡುತ್ತದೆ.

ವಾಸ್ತವ: ಹಾಲಿನ ಗಾಡಿಯನ್ನೇ ತೆಗೆದುಕೊಳ್ಳಿ. ಬೆಳಗಿನ ಆರೂವರೆ, ಡೇರಿಯ ಮುಂದೆ ಸ್ಟೀಲ್ ಕ್ಯಾನು ಹಿಡಿದವರ ಸಾಲು. ಕಾರ್ಯದರ್ಶಿ ಫ್ಯಾಟ್ ನೋಡಿ ಪಾಸ್‌ಬುಕ್ಕಿನಲ್ಲಿ ಬರೆಯುತ್ತಿರುವಾಗಲೇ ತಿರುವಿನಲ್ಲಿ ಹಾರ್ನ್ ಕೇಳುತ್ತದೆ. ಗಾಡಿ 15 ಊರು ಸುತ್ತಿ ಶೀತಲೀಕರಣ ಕೇಂದ್ರಕ್ಕೆ ಮರಳಬೇಕು. ಯಾವ ಊರು ಮೊದಲು, ಯಾವುದು ಆಮೇಲೆ? ಹಿಂದು-ಮುಂದು ಸುತ್ತುವುದನ್ನು ಒಂದೇ ಎಂದು ಎಣಿಸಿದರೂ 65 ಸಾವಿರ ಕೋಟಿಗಿಂತ ಹೆಚ್ಚು ದಾರಿಗಳಾಗುತ್ತವೆ. ಸೆಕೆಂಡಿಗೆ 10 ಕೋಟಿ ದಾರಿ ನೋಡುವ ಯಂತ್ರಕ್ಕೆ ಎರಡು ಗಂಟೆಯೊಳಗಿನ ಕೆಲಸ, ಸರಿ. ಊರುಗಳನ್ನು 25 ಮಾಡಿ. ಅದೇ ಯಂತ್ರಕ್ಕೆ 240 ಕೋಟಿ ವರ್ಷಕ್ಕೂ ಮಿಕ್ಕಿ ಬೇಕು. ಅಷ್ಟರಲ್ಲಿ ಹಾಲು ಒಡೆದಿರುತ್ತದೆ.

ಹಾಗಾದರೆ ಅಸಾಧ್ಯವೇ? ಅದೂ ತಪ್ಪು. ಗಣಿತ ಎಲ್ಲವನ್ನೂ ನೋಡುವ ಗೋಜಿಗೇ ಹೋಗುವುದಿಲ್ಲ. ‘ಈ ಎರಡು ಊರನ್ನು ಹೀಗೆ ಜೋಡಿಸಿದರೆ ಮುಂದೆ ಏನು ಮಾಡಿದರೂ 90 ಕಿ.ಮೀ.ಗಿಂತ ಕಡಿಮೆ ಆಗದು, ನಮ್ಮ ಕೈಯಲ್ಲಿ ಆಗಲೇ 84ರ ದಾರಿ ಇದೆ’ ಎಂದು ತಿಳಿದ ಕೂಡಲೇ ಕೋಟಿಗಟ್ಟಲೆ ದಾರಿಗಳನ್ನು ಒಟ್ಟಿಗೇ ಕಸದ ಬುಟ್ಟಿಗೆ ಹಾಕುತ್ತದೆ. ಈ ಜಾಣತನದಿಂದ 2006ರಲ್ಲಿ 85,900 ಬಿಂದುಗಳ ಅತಿ ಚಿಕ್ಕ ಸುತ್ತು ಸಿಕ್ಕಿ, ಇನ್ನೂ ಚಿಕ್ಕದಿಲ್ಲವೆಂದು ಸಾಬೀತೂ ಆಯಿತು. ಡೇರಿಗೆ ಅಷ್ಟು ನಿಖರತೆ ಬೇಕಿಲ್ಲ. ನೂರಕ್ಕೆ ಒಂದೆರಡು ಆಚೀಚೆಯ ದಾರಿ ನಿಮಿಷದಲ್ಲಿ ಸಿಕ್ಕರೆ ಸಾಕು. ಮಳೆಗಾಲದಲ್ಲಿ ಕೆರೆ ಏರಿಯ ಮೇಲೆ ಗಾಡಿ ಹತ್ತುವುದಿಲ್ಲ ಎಂಬುದನ್ನು ಮಾತ್ರ ಡ್ರೈವರಣ್ಣನನ್ನೇ ಕೇಳಬೇಕು, ನಕ್ಷೆಗೆ ಅದು ಗೊತ್ತಿರುವುದಿಲ್ಲ.

ತಪ್ಪು ಕಲ್ಪನೆ: ಒಂದು ಸೀಟೂ ಖಾಲಿ ಇರದ, ಒಂದು ಗಾಡಿಯೂ ನಿಲ್ಲದ ವ್ಯವಸ್ಥೆಯೇ ಅತ್ಯುತ್ತಮ.

ವಾಸ್ತವ: ಜಾತ್ರೆಯಲ್ಲಿ ಟ್ಯಾಂಕರ್ ತುಂಬಿಸುವ ಒಂದೇ ಬೋರ್‌ವೆಲ್ ಇದೆ, ತುಂಬಲು ಸರಾಸರಿ 10 ನಿಮಿಷ, ಟ್ಯಾಂಕರ್‌ಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ ಎಂದಿಟ್ಟುಕೊಳ್ಳಿ. ಬೋರ್‌ವೆಲ್ ಶೇ 80ರಷ್ಟು ಹೊತ್ತು ದುಡಿಯುತ್ತಿದ್ದರೆ ಸರಾಸರಿ ಕಾಯುವಿಕೆ 40 ನಿಮಿಷ. ಶೇ 90 ಆದರೆ 90 ನಿಮಿಷ. ಶೇ 95ಕ್ಕೆ ಮೂರು ಗಂಟೆ ಹತ್ತು ನಿಮಿಷ. ಸರತಿ ಸಾಲಿನ ಸರಳ ಸೂತ್ರದ ಲೆಕ್ಕ ಇದು. ಡಿಪೋದಲ್ಲಿ ನಿಂತ ಎರಡು ಹೆಚ್ಚುವರಿ ಬಸ್ಸುಗಳನ್ನು ದಂಡ ಎಂದು ಬರೆಯುವ ಆಡಿಟರ್‌ಗೆ ಇದನ್ನು ತೋರಿಸಬೇಕು.

ತಪ್ಪು ಕಲ್ಪನೆ: ಲೆಕ್ಕ ಹೇಳಿದ ಮೇಲೆ ಮುಗಿಯಿತು, ಅದರಲ್ಲಿ ಪಕ್ಷಪಾತ ಇರದು.

ವಾಸ್ತವ: ಕೂಡು-ಕಳೆಯುವಲ್ಲಿ ಇರದು, ಪ್ರಶ್ನೆಯಲ್ಲಿ ಇರಬಹುದು. ಆ ಅಗ್ಗದ ಊಟದ ಲೆಕ್ಕ ಇತ್ತಲ್ಲ, ಅದಕ್ಕೆ ಮೊದಲು 1945ರಲ್ಲಿ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ ತೆಗೆದ ಉತ್ತರ ಗೋಧಿಹಿಟ್ಟು, ಎಲೆಕೋಸು, ಒಣ ಬೀನ್ಸ್‌ನಂಥ ಐದೇ ಪದಾರ್ಥಗಳದ್ದು. ವರ್ಷಕ್ಕೆ 40 ಡಾಲರಿಗೂ ಕಡಿಮೆ. ಪೋಷಕಾಂಶವೆಲ್ಲ ಸರಿ, ತಿನ್ನುವವರು ಯಾರು? ರುಚಿಯನ್ನು ಲೆಕ್ಕದಲ್ಲಿ ಬರೆದಿರಲಿಲ್ಲ.

ಜಗಳೂರು ಕಡೆಯ ತಾಂಡಾಕ್ಕೆ ಬೆಳಿಗ್ಗೆ ಹೋಗುವ ಒಂದೇ ಬಸ್ಸನ್ನು ‘ಕಿಲೋಮೀಟರಿಗೆ ಆದಾಯ’ ಎಂಬ ತಕ್ಕಡಿಯಲ್ಲಿ ತೂಗಿದರೆ ಅದು ರದ್ದಾಗುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯರು ಆ ತಕ್ಕಡಿಯಲ್ಲಿ ಇಲ್ಲ. ‘ಪ್ರತಿ ತಾಂಡಾಕ್ಕೂ ಒಂಬತ್ತು ಗಂಟೆಯೊಳಗೆ ಒಂದು ಬಸ್ಸು’ ಎಂದು ಒಂದು ಸಾಲನ್ನು ನಿರ್ಬಂಧವಾಗಿ ಸೇರಿಸಿದರೆ ಅದೇ ಗಣಿತ ಬೇರೆ ವೇಳಾಪಟ್ಟಿ ಕೊಡುತ್ತದೆ. ಅಷ್ಟೇ ಅಲ್ಲ, ಆ ಸಾಲಿನಿಂದ ಖರ್ಚು ಎಷ್ಟು ಏರಿತೆಂದೂ ಬಿಡಿಸಿ ಹೇಳುತ್ತದೆ. ನಿರ್ಬಂಧದ ಈ ಬೆಲೆಗೆ ಶ್ಯಾಡೋ ಪ್ರೈಸ್ ಎನ್ನುತ್ತಾರೆ. ಮೊದಲ ಉದಾಹರಣೆಯಲ್ಲಿ ಎರಡನೇ ಗೋದಾಮಿನ ಒಂದು ಲೋಡು ಮೊದಲನೆಯದರಲ್ಲೇ ಇದ್ದಿದ್ದರೆ ಒಟ್ಟು 650ರಿಂದ 630ಕ್ಕೆ ಇಳಿಯುತ್ತಿತ್ತು. ಅಲ್ಲಿ ಆ ಬೆಲೆ 20. ತಾಂಡಾದ ಬಸ್ಸಿಗೆ ಬೆಲೆ ಇಷ್ಟು ಎಂದು ತಿಳಿದ ಮೇಲೆ ಅದನ್ನು ತೆರಬೇಕೋ ಬೇಡವೋ ಎಂಬುದು ಜನ ಮತ್ತು ಜನಪ್ರತಿನಿಧಿಗಳು ತೀರ್ಮಾನಿಸಬೇಕಾದ ಮಾತು, ಯಂತ್ರದ್ದಲ್ಲ.

ನಿಮ್ಮೂರಿನ ಬಸ್ಸು ನಿಂತಾಗ ‘ಕಂಪ್ಯೂಟರ್ ಹಾಗೆ ತೋರಿಸ್ತು’ ಎಂದು ಯಾರಾದರೂ ಹೇಳಿದರೆ ಸುಮ್ಮನೆ ವಾಪಸು ಬರಬೇಡಿ. ಅದಕ್ಕೆ ಏನನ್ನು ಕಡಿಮೆ ಮಾಡಲು ಹೇಳಿದ್ದಿರಿ ಎಂದು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.